ಹೊಗೆ ಹೊರಗೆ, ಬಿಸಿ ಒಳಗೆ: ಅಡಿಕೆ ಗೂಡು ಕಟ್ಟಿದ ನನ್ನ ಅನುಭವ

ಈ ಚಳಿಗಾಲ ನಮ್ಮ ಕೇರಿಯ ಮೂರು ಮನೆಯ ಅಡಿಕೆ ನಾನು ಕಟ್ಟಿದ ಗೂಡಲ್ಲೇ, ಅಂದರೆ ಒಲೆಯ ಬಿಸಿಯಲ್ಲಿ ಒಣಗಿಸೋ ಕೋಣೆಯಲ್ಲೇ ಒಣಗಿತು. ಮೂರೂ ಮನೆಯದ್ದು ಕೆಂಪಡಿಕೆಯ ರಾಶಿ ದರ್ಜೆಯ ದರಕ್ಕೇ ಹೋಯಿತು. ಹಾಗಾಗಿ ಈಗ ಬರೆದರೆ ತಪ್ಪಿಲ್ಲ ಅಂದುಕೊಂಡಿದ್ದೇನೆ. ಕಟ್ಟಿದ ಮೊದಲ ವರ್ಷ ಕೆಳಗಿನ ಮನೆ ಮಾವ ಗೂಡಿನ ಬಾಗಿಲಲ್ಲಿ ನಿಂತು, "ಎಂತ ಮಾರಾಯಾ, ಇದು ಅಡಿಕೆ ಒಣಗ್ಸೋದಾ, ಮೀನು ಒಣಗ್ಸೋದಾ?" ಅಂದಿದ್ದರು. ಈ ವರ್ಷ ಮೊದಲು ಒಳಗೆ ಹೋದದ್ದು ಅವರದ್ದೇ ಅಡಿಕೆ.

ನಮ್ಮದು ಸಾಗರ ತಾಲ್ಲೂಕು. ಬೇಯಿಸಿ ಕೆಂಪಡಿಕೆ ಮಾಡೋರು. ಸುಲಿಯೋದು, ಬೇಯಿಸೋದು, ಚೊಗರಿನ (ಅಡಿಕೆ ಬೇಯಿಸಿದ ಕೆಂಪು ನೀರು) ಹದ, ಇದೆಲ್ಲ ನಿಮಗೆ ಗೊತ್ತಿದ್ದದ್ದೇ. ಅದನ್ನು ಮತ್ತೆ ಹೇಳೋದಿಲ್ಲ. ತಲೆಬಿಸಿ ಶುರುವಾಗೋದು ಹಂಡೆಯಿಂದ ತೆಗೆದ ಮೇಲೆ. ಬಿಸಿಲು ಸರಿಯಾಗಿದ್ದರೆ ಹೊರಗೆ ಅಡಿಕೆ ಹರಡೋ ಅಟ್ಟದ ಮೇಲೆ ಏಳೆಂಟು ದಿನ ಸಾಕು. ಆದರೆ ಬಂಗಾಳ ಕೊಲ್ಲಿಯಲ್ಲಿ ಎಲ್ಲೋ ಒಂದು ಚಂಡಮಾರುತ ಎದ್ದರೆ ಇಲ್ಲಿ ಮೂರು ದಿನ ಮೋಡ. ಮೋಡ ಇಲ್ಲದಿದ್ದರೆ ಇಬ್ಬನಿ. ಸಂಜೆ ಟಾರ್ಪಾಲ್ ಹೊದೆಸು, ಬೆಳಿಗ್ಗೆ ತೆಗಿ, ಮಂಗ ಓಡಿಸು. 2021ರ ನವೆಂಬರ್ ಮಳೆ ಯಾರಿಗೆ ಮರೆತಿದೆ? ಆ ಸಲ ನಮ್ಮ ಎರಡು ಹಂಡೆ ಅಡಿಕೆಗೆ ಅಟ್ಟದ ಮೇಲೇ ಬೂಸ್ಟು ಬಂತು. ತೊಳೆದು ಮತ್ತೆ ಚೊಗರು ಕೊಟ್ಟು ಏನೇನೋ ಮಾಡಿದೆವು. ಮಾರುವಾಗ ಕ್ವಿಂಟಲಿಗೆ ಹತ್ತು ಸಾವಿರದ ಹತ್ತಿರ ಕಡಿಮೆ ಸಿಕ್ಕಿತು.

ಡ್ರೈಯರ್ ವಿಚಾರಿಸಿದೆ. ದೊಡ್ಡದು ಎರಡೂವರೆ ಲಕ್ಷದ ಮೇಲೆ, ಕರೆಂಟು ಬೇರೆ. ನಮ್ಮೂರ ಕರೆಂಟಿನ ಕಥೆ ಬೇಡ ಬಿಡಿ. ಆಚೆಮನೆ ಭಾವ ಪ್ಲಾಸ್ಟಿಕ್ ಹಾಳೆಯ ಸೋಲಾರ್ ಶೆಡ್ ಹಾಕಿಸಿದ್ದ. ಬಿಸಿಲಿದ್ದಾಗ ಬಹಳ ಚೆಂದ, ಒಳಗೆ ಹೋದರೆ ಬೆವರು ಕಿತ್ತು ಬರುತ್ತೆ. ಮೋಡ ಬಂತೋ, ರಾತ್ರಿ ಹಾಳೆಯ ಒಳಗಡೆ ನೀರು ಕಟ್ಟಿ ಅಡಿಕೆ ಮೇಲೇ ತೊಟ್ಟಿಕ್ಕುತ್ತೆ. ಬಿಸಿಲಿದ್ದಾಗ ನನಗೆ ಅಟ್ಟವೇ ಸಾಕಲ್ವಾ? ನನಗೆ ಬೇಕಾದದ್ದು ಬಿಸಿಲಿಲ್ಲದಾಗ ಒಣಗಿಸೋದು.

ಹಳೇ ಕಾಲದ ಏಲಕ್ಕಿ ಗೂಡು ನೋಡಿದ್ದೀರಲ್ಲ? ಹೊರಗೆ ಒಲೆ, ಒಳಗೆ ಕೊಳವೆ, ಕೊಳವೆಯೊಳಗೆ ಹೊಗೆ. ಬಿಸಿ ಮಾತ್ರ ಕೋಣೆಗೆ. ನಮ್ಮ ಅಡಿಕೆ ಹಂಡೆ ಒಲೆಯಲ್ಲೂ ರಾತ್ರಿಯಿಡೀ ಬೆಂಕಿ ಉರಿಯುತ್ತೆ, ಅರ್ಧ ಬಿಸಿ ಸುಮ್ನೆ ಆಕಾಶಕ್ಕೆ ಹೋಗುತ್ತೆ. ಅದನ್ನೇ ಒಂದು ಕೋಣೆಯೊಳಗೆ ಸುತ್ತಿಸಿ ಹೊರಗೆ ಬಿಟ್ಟರೆ ಆಯಿತು ಅಂತ ಲೆಕ್ಕ. ಲೆಕ್ಕ ಸುಲಭ ಇತ್ತು.

ಕೊಟ್ಟಿಗೆ ಪಕ್ಕ ಹತ್ತು-ಹನ್ನೆರಡು ಅಡಿಯ ಒಂದು ಕೋಣೆ ಖಾಲಿ ಇತ್ತು, ಜಂಬಿಟ್ಟಿಗೆ ಗೋಡೆ. ಗೋಡೆಯ ಆಚೆ ಹಂಡೆ ಒಲೆ. ನಾಲ್ಕು ಹಳೇ ಡಾಂಬರು ಡ್ರಮ್ಮು ತಂದು ತಳ ಕತ್ತರಿಸಿ, ಒಂದಕ್ಕೊಂದು ಸೇರಿಸಿ ನೆಲದ ಮೇಲೆ ಉದ್ದಕ್ಕೆ ಮಲಗಿಸಿದೆ. ಒಲೆ ಕಡೆಯಿಂದ ಹೊಗೆ ಒಳಗೆ, ಕೊನೆಯಲ್ಲಿ ಹೊರಗೆ ಹೋಗೋಕೆ ಚಿಮಣಿ. ಮೇಲೆ ಕಬ್ಬಿಣದ ಆಂಗಲ್ ಸ್ಟ್ಯಾಂಡು, ಅದರಲ್ಲಿ ಬಲೆಯ ಟ್ರೇ. ವೆಲ್ಡಿಂಗ್ ಎಲ್ಲ ಸೇರಿ ಹದಿನೆಂಟು ಸಾವಿರದ ಸುಮಾರು ಆಯಿತು.

ಮೊದಲ ರಾತ್ರಿಯೇ ಡ್ರಮ್ಮಿನ ಸಂದುಗಳಿಂದ ಹೊಗೆ ಕೋಣೆಗೆ ಬಂತು. ಮಾವ ಮೀನಿನ ಮಾತು ಆಡಿದ್ದು ಮರುದಿನ ಬೆಳಿಗ್ಗೆ. ಹುತ್ತದ ಮಣ್ಣು, ಸಗಣಿ, ಸ್ವಲ್ಪ ಜೋನಿ ಬೆಲ್ಲ ಕಲಸಿ ಮೆತ್ತಿದೆ. ತಣ್ಣಗಿದ್ದಾಗ ಕಲ್ಲಿನ ಹಾಗೆ ಕೂತಿರುತ್ತೆ, ಬಿಸಿಯಾದಾಗ ಡ್ರಮ್ಮು ಹಿಗ್ಗಿ ಬಿರುಕು ಬಿಡುತ್ತೆ. ಆ ಬ್ಯಾಚಿನ ಅಡಿಕೆ ಮೂಗಿಗೆ ಹಿಡಿದರೆ ಹೊಗೆ ವಾಸನೆ. ವ್ಯಾಪಾರಿ ಒಂದು ಅಡಿಕೆ ಒಡೆದ, ಮೂಸಿದ, ಏನೂ ಹೇಳದೆ ಚೀಟಿಯಲ್ಲಿ ರೇಟು ಬರೆದ. ಅದನ್ನು ಇಲ್ಲಿ ಹೇಳೋದು ಬೇಡ. ಮುಂದಿನ ಬೇಸಿಗೆಯಲ್ಲಿ ಸಂದುಗಳನ್ನೆಲ್ಲ ಸುತ್ತ ವೆಲ್ಡ್ ಮಾಡಿಸಿದೆ. ಮತ್ತೆ ಆರು ಸಾವಿರ.

ಎರಡನೇ ವರ್ಷ ಹೊಗೆ ಇಲ್ಲ. ಆದರೆ ಒಲೆಗೆ ಹತ್ತಿರದ ಡ್ರಮ್ಮು ಕೆಂಪಗೆ ಕಾದು, ಸೀಸನ್ ಮುಗಿಯೋದರೊಳಗೆ ತೂತು ಬಿತ್ತು. ತಗಡು ಎಷ್ಟು ತಡೆದೀತು? ಈಗ ಆ ಜಾಗದಲ್ಲಿ ಡ್ರಮ್ಮಿಲ್ಲ. ಮೊದಲ ನಾಲ್ಕು ಅಡಿ ಇಟ್ಟಿಗೆ ಕಾಲುವೆ, ಮೇಲೆ ಚಪ್ಪಡಿ ಕಲ್ಲು. ಅದಾದ ಮೇಲೆ ಡ್ರಮ್ಮು. ಚಪ್ಪಡಿ ಕಾಯೋಕೆ ಒಂದು ಗಂಟೆ ಬೇಕು, ಆದರೆ ಬೆಂಕಿ ಆರಿದ ಮೇಲೂ ಬೆಳಗಿನ ತನಕ ಬಿಸಿ ಇರುತ್ತೆ. ರಾತ್ರಿ ಎದ್ದು ಸೌದೆ ಒಟ್ಟೋದು ಅರ್ಧಕ್ಕರ್ಧ ಕಡಿಮೆಯಾಯಿತು. ಇದೊಂದು ಬದಲಾವಣೆ ಮೊದಲೇ ಮಾಡೋರು ಒಂದು ವರ್ಷ ಉಳಿಸುತ್ತಾರೆ.

ಅದೇ ವರ್ಷ ಇನ್ನೊಂದು ಆಟ ಆಯಿತು. ಬಿಸಿ ಹಿಡಿದಿಡಬೇಕು ಅಂತ ಹಂಚಿನ ಸಂದು, ಕಿಟಕಿ ಎಲ್ಲ ಗೋಣಿಚೀಲ ತುರುಕಿ ಮುಚ್ಚಿದ್ದೆವು. ಥರ್ಮಾಮೀಟರು 70 ದಾಟಿತು. ಎಲ್ಲರಿಗೂ ಖುಷಿ. ಅಡಿಕೆ ಹೊರಗಿನಿಂದ ಕಲ್ಲು, ಕೈಯಲ್ಲಿ ಅಲ್ಲಾಡಿಸಿದರೆ ಸದ್ದೂ ಬರ್ತಾ ಇತ್ತು. ಅಡಕತ್ತರಿಯಲ್ಲಿ ಕತ್ತರಿಸಿ ನೋಡಿದರೆ ನಡುವೆ ಮೆತ್ತಗೆ, ಉಗುರು ಇಳಿಯುತ್ತೆ. ಚೀಲದಲ್ಲಿ ಹದಿನೈದು ದಿನ ಇಟ್ಟದ್ದೇ ಒಳಗೆ ಬೂಸ್ಟು. ಈಗ ನಾನು 50ರಿಂದ 55 ಡಿಗ್ರಿ ದಾಟೋಕೆ ಬಿಡೋದಿಲ್ಲ. ಮಾಡಿನ ನೆತ್ತಿಯಲ್ಲಿ ಎರಡು ಕಡೆ ಒಂದೊಂದು ಅಡಿ ತೆರೆದಿಟ್ಟಿದ್ದೇನೆ, ಕೆಳಗೆ ನೆಲಮಟ್ಟದಲ್ಲಿ ಗಾಳಿ ಬರೋಕೆ ಆರು ತೂತು. ಬಿಸಿ ಹೋಗಿಬಿಡುತ್ತೆ ಅಂತ ಹೊಟ್ಟೆ ಉರಿಯುತ್ತೆ, ನಿಜ. ಆದರೆ ನೀರು ಹೋಗೋದೂ ಅದರಲ್ಲೇ.

ಎಷ್ಟು ತೆರೆಯಬೇಕು ಅನ್ನೋದಕ್ಕೆ ನನ್ನ ಹತ್ತಿರ ಇರೋ ಯಂತ್ರ ಒಂದು ಒಡೆದ ಕನ್ನಡಿ ಚೂರು. ಅಂಗೈ ಅಗಲದ್ದು, ಬಿದಿರಿನ ಕೋಲಿನ ತುದಿಗೆ ಕಟ್ಟಿದ್ದು. ಹೊರಗಿನ ಚಳಿಯಲ್ಲಿ ಇಟ್ಟಿರುತ್ತೇನೆ. ಏಣಿ ಹತ್ತಿ ನೆತ್ತಿಯ ಕಂಡಿಗೆ ಹಿಡಿದರೆ, ಮೊದಲ ರಾತ್ರಿ ತಕ್ಷಣ ಮಬ್ಬಾಗಿ ಹನಿ ಇಳಿಯುತ್ತೆ. ಆಗ ಪೂರ್ತಿ ತೆರೆದಿರಬೇಕು. ಮಬ್ಬಾಗೋಕೆ ಹತ್ತಿಪ್ಪತ್ತು ಎಣಿಸುವಷ್ಟು ಹೊತ್ತು ಬೇಕಾದಾಗ ಅರ್ಧ ಮುಚ್ಚಬಹುದು. ಮಬ್ಬೇ ಆಗದಿದ್ದರೆ ಸೌದೆ ಸುಮ್ನೆ ಉರಿಸ್ತಾ ಇದ್ದೀರಿ ಅಂತ ಅರ್ಥ. ಮಗ ತೇವಾಂಶ ತೋರಿಸೋ ಡಿಜಿಟಲ್ ಮೀಟರು ತರಿಸಿದ್ದ. ಹೊಗೆ, ಚೊಗರಿನ ಕೈ, ಅಲ್ಲಿಗೆ ಅದರ ಕಥೆ ಮುಗಿಯಿತು. ಕನ್ನಡಿ ಇನ್ನೂ ಇದೆ.

ಒಲೆ ಮಾತ್ರ ನನ್ನ ತಲೆಯದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದ (ಹಳ್ಳಿಗೆ ಹೊಂದೋ ತಂತ್ರಜ್ಞಾನದ ಕೇಂದ್ರ) ಕಡಿಮೆ ಸೌದೆಯ ಒಲೆ ನಿಮಗೂ ಗೊತ್ತಿರುತ್ತೆ. ಅದೇ ಲೆಕ್ಕದಲ್ಲಿ ಕೆಳಗೆ ಕಬ್ಬಿಣದ ಜಾಲರಿ, ಗಾಳಿ ಬರೋಕೆ ಬೂದಿ ಕಂಡಿ, ಸೌದೆ ಬಾಯಿಗೆ ತಗಡಿನ ಬಾಗಿಲು. ಚಿಮಣಿ ಹದಿನೆಂಟು ಅಡಿ. ಹದಿಮೂರು ಅಡಿ ಇದ್ದಾಗ ಮೋಡದ ದಿನ ಹೊಗೆ ಎಳೆಯುತ್ತಿರಲಿಲ್ಲ, ಒಲೆ ಬಾಯಿಯಿಂದಲೇ ವಾಪಸ್ಸು ಬರ್ತಿತ್ತು. ಹಳೇ ದೋಸೆ ಕಾವಲಿಯಿಂದ ಚಿಮಣಿಗೆ ಒಂದು ಮುಚ್ಚಳ ಮಾಡಿದ್ದೇನೆ, ತಿರುಗಿಸಿದರೆ ಎಳೆತ ಹೆಚ್ಚುಕಡಿಮೆ ಮಾಡಬಹುದು. ಅದನ್ನು ಎಷ್ಟು ಹೊತ್ತಿಗೆ ಎಷ್ಟು ತಿರುಗಿಸೋದು ಅನ್ನೋದು ನಮ್ಮ ಮನೆ ವಿದ್ಯೆ, ಇಲ್ಲಿ ಬರೆಯೋದಿಲ್ಲ. ಹಾಗೇ ಕೊನೇ ಸಲ ಚೊಗರು ಕೊಡುವಾಗ ಅದರಲ್ಲಿ ಒಂದು ಮರದ ತೊಗಟೆ ಹಾಕುತ್ತೇವೆ. ಅಂಗಡಿ ಬಣ್ಣ ಖಂಡಿತ ಅಲ್ಲ. ಯಾವ ಮರ ಅಂತ ಅತ್ತೆ ಹೇಳಬೇಡ ಅಂದಿದ್ದಾರೆ.

ಈಗಿನ ಕ್ರಮ ಹೀಗೆ. ಒಂದು ಸಲಕ್ಕೆ ಬೇಯಿಸಿದ ಅಡಿಕೆ ನಾಲ್ಕು ಕ್ವಿಂಟಲ್ ಹಿಡಿಯುತ್ತೆ, ಇಪ್ಪತ್ತು ಟ್ರೇ. ಎರಡು ಅಡಿಕೆ ದಪ್ಪಕ್ಕಿಂತ ಜಾಸ್ತಿ ಹರಡಬಾರದು. ಮೊದಲ ಎರಡು ರಾತ್ರಿ, ನಡುವಿನ ಹಗಲು ಗೂಡಿನಲ್ಲೇ. ಮೇಲಿನ ಟ್ರೇ ಕೆಳಗೆ, ಕೆಳಗಿನದು ಮೇಲೆ ಬದಲಾಯಿಸಲೇಬೇಕು, ಇಲ್ಲದಿದ್ದರೆ ಕೆಳಗಿನದು ಸೀದು ಮೇಲಿನದು ಹಸಿ ಉಳಿಯುತ್ತೆ. ಆಮೇಲೆ ಬಿಸಿಲಿದ್ದರೆ ಎರಡು ದಿನ ಅಟ್ಟಕ್ಕೆ. ಕೊನೆಗೊಂದು ರಾತ್ರಿ ಮತ್ತೆ ಗೂಡಿಗೆ. ಪೂರ್ತಿ ಗೂಡಲ್ಲೇ ಒಣಗಿಸಿದರೂ ಆಗುತ್ತೆ, ಆದರೆ ಬಿಸಿಲು ಕಂಡ ಅಡಿಕೆಯ ಬಣ್ಣವೇ ಬೇರೆ. ಪುಕ್ಕಟೆ ಸಿಗೋ ಬಿಸಿಲನ್ನು ಯಾಕೆ ಬಿಡೋದು?

ಸೌದೆ ಒಂದು ಸಲಕ್ಕೆ ಒಂದೂವರೆಯಿಂದ ಎರಡು ಕ್ವಿಂಟಲ್. ಅದರಲ್ಲಿ ಮೂರನೇ ಒಂದು ಪಾಲು ಹೋದ ವರ್ಷದ ಅಡಿಕೆ ಸಿಪ್ಪೆ. ಈ ವರ್ಷದ ಹಸಿ ಸಿಪ್ಪೆ ಹಾಕೋಕೆ ಹೋಗಬೇಡಿ, ಬರೀ ಹೊಗೆ. ಬೇಸಿಗೆಯಲ್ಲಿ ಒಣಗಿಸಿ ಸೌದೆಮನೆಯಲ್ಲಿ ತುಂಬಿಟ್ಟದ್ದು ಚೆನ್ನಾಗಿ ಉರಿಯುತ್ತೆ, ಆದರೆ ಬೇಗ ಮುಗಿಯುತ್ತೆ. ಒಂದು ದಪ್ಪ ಮರದ ತುಂಡು ಒಳಗಿಟ್ಟು ಅದರ ಸುತ್ತ ಸಿಪ್ಪೆ ಹಾಕಬೇಕು.

ಚಿಮಣಿ ಬುಡದಲ್ಲಿ ಕಪ್ಪು ನೀರು ಸುರಿಯೋಕೆ ಶುರುವಾದಾಗ ಎಲ್ಲರೂ ಹೆದರಿದರು. ಹೊಗೆ ಅಷ್ಟು ತಣ್ಣಗಾಗಿ ಹೊರಗೆ ಹೋಗ್ತಾ ಇದೆ ಅಂದರೆ ಬಿಸಿ ನನ್ನ ಕೋಣೆಯಲ್ಲೇ ಉಳೀತು ಅಂತ ನನಗೆ ಒಳಗೊಳಗೇ ಸಂತೋಷ. ಬುಡಕ್ಕೆ ಒಂದು ಬಕೆಟ್ ಇಟ್ಟೆ. ಸೀಸನ್ನಿಗೆ ನಾಲ್ಕೈದು ಲೀಟರ್ ಟಾರಿನಂಥದ್ದು ಸಿಗುತ್ತೆ. ಬೇಲಿ ಗೂಟದ ಬುಡಕ್ಕೆ ಬಳಿದು ನೋಡಿದೆ. ಬಳಿದ ಗೂಟಕ್ಕೆ ಎರಡು ಮಳೆಗಾಲ ಆದರೂ ಗೆದ್ದಲು ಬಂದಿಲ್ಲ, ಬಳಿಯದ ಪಕ್ಕದ್ದು ಮುರಿದು ಬಿತ್ತು. ಕೈಗೆ ತಾಗಿದರೆ ಮಾತ್ರ ವಾರ ಹೋಗೋದಿಲ್ಲ, ವಾಸನೆಗೆ ಮನೆಯವಳು ಊಟಕ್ಕೆ ಜಗಲಿಗೇ ಬಡಿಸಿದಳು.

ಖಾಲಿ ಇದ್ದಾಗ ಬೇರೆ ಏನೇನೋ ಇಟ್ಟು ನೋಡಿದೆವು. ಬಾಳೆಹಣ್ಣು ಸುಕೇಳಿ ಚೆನ್ನಾಗಿ ಬಂತು, ಎರಡು ರಾತ್ರಿಯಲ್ಲಿ ಜೇನಿನ ಬಣ್ಣ. ಮಕ್ಕಳು ಡಬ್ಬಕ್ಕೆ ಹೋಗೋಕೇ ಬಿಡಲಿಲ್ಲ. ಮಜ್ಜಿಗೆ ಮೆಣಸು ಒಣಗಿಸಿದ ದಿನ ಕೇರಿಯೆಲ್ಲ ಸೀನು. ಕಾಳುಮೆಣಸಿಗೆ ಗೂಡು ಬೇಕಾಗಿಯೇ ಇಲ್ಲ, ಅದು ಬರೋ ಹೊತ್ತಿಗೆ ಬಿಸಿಲು ಗಟ್ಟಿ ಇರುತ್ತೆ. ಡ್ರಮ್ಮಿಗೆ ತಾಮ್ರದ ಕೊಳವೆ ಸುತ್ತಿ ಬಚ್ಚಲಿಗೆ ಬಿಸಿನೀರು ತರೋಕೆ ಮೂರು ಸಾವಿರ ಹಾಕಿದೆ. ನೀರೇನೋ ಕಾಯಿತು, ಗೂಡು ತಣ್ಣಗಾಯಿತು. ಕೊಳವೆ ತೆಗೆದು ಮಾರಿದೆ.

2024ರ ನವೆಂಬರ್ ಕೊನೆಯಲ್ಲಿ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ಬಡಿದಾಗ ನಮ್ಮಲ್ಲೂ ಮೋಡ, ತುಂತುರು. ನನ್ನ ಗೂಡಲ್ಲಿ ಅಡಿಕೆ ಒಣಗ್ತಾ ಇತ್ತು. ಕೆಳಗಿನ ಮನೆಯಲ್ಲಿ ಬೇಯಿಸಿದ್ದು ಜಗಲಿ ತುಂಬಾ ಹರಡಿ ಫ್ಯಾನ್ ಹಾಕಿದ್ದರು, ಫ್ಯಾನಿಗೆ ಕರೆಂಟಿಲ್ಲ. ಕತ್ತಲಾದ ಮೇಲೆ ಮಾವ ಟಾರ್ಚ್ ಹಿಡಿದು ಬಂದು ಒಂದು ಸುತ್ತು ಹೊಡೆದರು. ಟ್ರೇಗೆ ಕೈ ಹಾಕಿ ಒಂದು ಅಡಿಕೆ ತೆಗೆದರು, ಮೂಸಿದರು, ಕಚ್ಚಿದರು. "ಹೊಗೆ ಇಲ್ವಲ್ಲೋ" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ನಿಂದು ಯಾವಾಗ ಖಾಲಿ ಆಗ್ತು?" ಅಂತ ಕೇಳಿದರು. ಆ ವರ್ಷ ಅವರದ್ದು ಅರ್ಧ ಉಳಿಯಿತು. ಈ ವರ್ಷ ಮೊದಲೇ ಪಾಳಿ ಹಾಕಿಕೊಂಡೆವು.

ದುಡ್ಡು ತೆಗೆದುಕೊಳ್ಳೋದಿಲ್ಲ, ಮುಯ್ಯಾಳು ಲೆಕ್ಕ. ಅವರ ಸೌದೆ ಅವರೇ ತರಬೇಕು, ರಾತ್ರಿ ಒಬ್ಬರು ಮಲಗೋಕೆ ಬರಬೇಕು, ಒಂದು ಸಲಕ್ಕೆ ಎರಡು ಆಳು ನಮ್ಮ ತೋಟಕ್ಕೆ. ಮೂರೂ ಮನೆಯವರು ಒಂದೇ ಕಡೆ ಸುಲಿಯೋಕೆ ಕೂತದ್ದರಿಂದ ಮೆಟ್ಟುಗತ್ತಿ ಎದುರು ಮಾತೂ ಇತ್ತು, ಕೆಂಡದಲ್ಲಿ ಗೆಣಸೂ ಇತ್ತು. ಸುಲಿಯೋರಿಗೆ ಗೂಡಿನ ಗೋಡೆಗೆ ಬೆನ್ನು ಕೊಟ್ಟು ಕೂರೋಕೆ ಜಗಳ.

ಇಲ್ಲಿಯವರೆಗೆ ಒಟ್ಟು ಖರ್ಚು, ಕಿತ್ತು ಕಟ್ಟಿದ್ದೆಲ್ಲ ಸೇರಿ, ಅರವತ್ತು ಸಾವಿರದ ಆಸುಪಾಸು. ಈಗ ಹೊಸದಾಗಿ ಕಟ್ಟೋರಿಗೆ, ಕೋಣೆ ಇದ್ದರೆ, ಮೂವತ್ತೈದು ಸಾವಿರದೊಳಗೆ ಆಗಬೇಕು. ನನ್ನದು ಕ್ವಿಂಟಲ್ ಹಸಿ ಅಡಿಕೆಗೆ ಹದಿಮೂರು ಕೆಜಿ ಒಣ ಅಡಿಕೆ ಬೀಳುತ್ತೆ, ಅಟ್ಟದ್ದಕ್ಕೂ ಇದಕ್ಕೂ ತೂಕದಲ್ಲಿ ವ್ಯತ್ಯಾಸ ಕಾಣಲಿಲ್ಲ. ಲಾಭ ಇರೋದು ಹಾಳಾಗದೆ ಉಳಿದದ್ದರಲ್ಲಿ. ಬೂಸ್ಟು ಬಂದು ಒಂದು ಸಲ ಬಿಟ್ಟುಕೊಟ್ಟ ದುಡ್ಡಿನ ಲೆಕ್ಕ ಹಾಕಿದರೆ ಎರಡು ಕೆಟ್ಟ ವರ್ಷಕ್ಕೆ ಗೂಡಿನ ಖರ್ಚು ಹುಟ್ಟುತ್ತೆ.

ಡ್ರಮ್ಮು ತರುವಾಗ ಒಂದು ಮಾತು. ಔಷಧಿ, ಕೆಮಿಕಲ್ ತುಂಬಿದ್ದು ಬೇಡ, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಡಾಂಬರಿನದ್ದಾದರೂ ಬಯಲಲ್ಲಿಟ್ಟು ಒಳಗೆ ಬೆಂಕಿ ಹಾಕಿ ಚೆನ್ನಾಗಿ ಸುಟ್ಟ ಮೇಲೇ ಕೋಣೆಗೆ ತನ್ನಿ. ಮೊದಲ ಸಲ ಖಾಲಿ ಗೂಡಿಗೆ ಎರಡು ದಿನ ಬೆಂಕಿ ಹಾಕಿ, ವಾಸನೆ ಹೋದ ಮೇಲೆ ಅಡಿಕೆ ಇಡಿ. ನೋಡಬೇಕು ಅನ್ನೋರು ಶಿವರಾತ್ರಿಯ ಒಳಗೆ ಬನ್ನಿ, ಆಮೇಲೆ ಒಲೆ ಆರಿಸಿ ಡ್ರಮ್ಮು ಕೆರೆಯೋಕೆ ಬಿಚ್ಚುತ್ತೇನೆ.