ಯಾರ ಹಿಂದೆ ಯಾರು: ಕೊಪ್ಪಳದ ಬಯಲು ಕಾರ್ಯಕ್ರಮ ರೆಕಾರ್ಡ್ ಮಾಡಿದ ನನ್ನ ಅನುಭವ

ಕೊಪ್ಪಳದಲ್ಲಿ ಗೆಳೆಯರೆಲ್ಲ ಸೇರಿ ಒಂದು ಸಹಾಯಾರ್ಥ ಸಂಗೀತ ಸಂಜೆ ನಡೆಸಿದೆವು. ವಯಸ್ಸಾದ ಜಾನಪದ ಕಲಾವಿದರ ಔಷಧಿ ಖರ್ಚಿಗೆ ಹಣ ಕೂಡಿಸಬೇಕಿತ್ತು. ಟಿಕೆಟ್ ಇಟ್ಟಿರಲಿಲ್ಲ. ಗೇಟಿನಲ್ಲಿ ಹುಂಡಿ, ವೇದಿಕೆ ಪಕ್ಕ ಯುಪಿಐ ಕೋಡ್ ಅಂಟಿಸಿದ ಬೋರ್ಡು, ಅಷ್ಟೇ. ಹಾಡುಗಳನ್ನು ಆಮೇಲೆ ಬಿಡುಗಡೆ ಮಾಡಿ, ಬಂದ ದುಡ್ಡನ್ನೂ ಅದೇ ಖಾತೆಗೆ ಹಾಕುವುದು ಅಂತ ಮೊದಲೇ ಮಾತಾಗಿತ್ತು. ರೆಕಾರ್ಡಿಂಗ್ ನನ್ನ ಪಾಲಿಗೆ ಬಂತು.

ಬಂದವರು ಒಬ್ಬರಿಗಿಂತ ಒಬ್ಬರು ಬೇರೆ. ಚೌಡಿಕೆ ಅನ್ನೋ ತಂತಿವಾದ್ಯ ಹಿಡಿದು ಎಲ್ಲಮ್ಮನ ಪದ ಹಾಡುವ ಜೋಗತಿಯರು, ಮೊಹರಂ ಪದ ಹಾಡುವ ಮುದಗಲ್ ಕಡೆಯ ರಿವಾಯತ್ ಮೇಳ, ಹಳ್ಳಿಯ ಭಜನಾ ಮಂಡಳಿ, ಹಲಗೆ ಅನ್ನೋ ಚರ್ಮವಾದ್ಯದ ಮೇಳ, ಒಬ್ಬ ಹಿಂದೂಸ್ತಾನಿ ಗಾಯಕರು, ಬಳ್ಳಾರಿಯ ಕಾಲೇಜು ಹುಡುಗರ ಬ್ಯಾಂಡ್. ಇಂಥ ಕಡೆ ಒಳ್ಳೆ ಮೈಕಿಗಿಂತ ಮುಖ್ಯವಾದದ್ದು ಯಾರ ಹಿಂದೆ ಯಾರು ಅನ್ನೋದು. ಸಾಮಾನ್ಯವಾಗಿ ಹೆಸರು ನೋಡಿ ಕ್ರಮ ಹಾಕುತ್ತಾರೆ. ನಾವು ವಾದ್ಯ ನೋಡಿ ಹಾಕಿದೆವು.

ಹಲಗೆಯನ್ನೇ ನೋಡಿ. ಬೆಂಕಿಗೆ ಕಾಯಿಸಿದರೇ ಅದರ ಚರ್ಮ ಬಿಗಿಯಾಗುತ್ತದೆ. ಮೇಳದವರು ಮೈದಾನದ ಹಿಂದೆ ಹುಲ್ಲು ಉರಿಸಿ, ಹಲಗೆಯನ್ನು ಉರಿಗೆ ತೋರಿಸಿ, ಬೆರಳಲ್ಲಿ ತಟ್ಟಿ, ಕಿವಿ ಹತ್ತಿರ ಹಿಡಿದು, ಮತ್ತೆ ತೋರಿಸುತ್ತಿದ್ದರು. 'ಠಣ್' ಅನ್ನೋ ನಾದ ಬಂದ ಕೂಡಲೇ ವೇದಿಕೆ ಹತ್ತಬೇಕು. ಭಾಷಣ ಮುಗಿಯಲಿ ಅಂತ ಕೂರಿಸಿದರೆ ಚಳಿಗೆ ಸಡಿಲಾಗಿ ನಾದ ಹೋಗುತ್ತದೆ. ಅದಕ್ಕೇ ಹಲಗೆ ಮೊದಲು. ಅದರ ಸದ್ದಿಗೆ ಜನವೂ ಬಂದು ಸೇರಿದರು. ಸನ್ಮಾನ, ಭಾಷಣಗಳನ್ನು ಮೈಕ್ ಬದಲಿಸುವ ಹೊತ್ತಿಗೆ ಹಂಚಿದೆವು. ಯಾರ ಹಾಡೂ ಕಾಯಲಿಲ್ಲ.

ಬ್ಯಾಂಡ್ ಕೊನೆಗೆ. ಡ್ರಮ್ಸ್ ಆದ ಮೇಲೆ ತಂಬೂರಿ ಕೇಳುವ ಕಿವಿ ಜನಕ್ಕೆ ಉಳಿಯುವುದಿಲ್ಲ, ಅಲ್ವಾ? ಆದರೆ ಡ್ರಮ್ಸ್ ಜೋಡಿಸಲು ಜಾಸ್ತಿ ಹೊತ್ತು ಬೇಕು ಅಂತ ಮಧ್ಯಾಹ್ನವೇ ವೇದಿಕೆ ಹಿಂಬದಿಗೆ ಇಟ್ಟು ಬಟ್ಟೆ ಮುಚ್ಚಿದ್ದೆವು. ಹಾಗೆ ಇಡುವವರು ಸ್ನೇರ್ ಡ್ರಮ್ಮಿನ ತಳದ ತಂತಿಯನ್ನು ಸಡಿಲಿಸಿಡಿ. ಇಲ್ಲದಿದ್ದರೆ ಮುಂದೆ ಹಲಗೆ ಬಾರಿಸಿದಾಗಲೆಲ್ಲ ಅದು ತನ್ನಷ್ಟಕ್ಕೆ ಜರ್ ಅನ್ನುತ್ತದೆ. ಎಲ್ಲ ಮೈಕಿಗೂ ಆ ಸದ್ದು ಬೀಳುತ್ತದೆ.

ಚೌಡಿಕೆಗೆ ಒಂದೇ ತಂತಿ, ಬುಡಕ್ಕೆ ಚರ್ಮ. ಕಂಕುಳಲ್ಲಿ ಹಿಡಿದು ಮೀಟುತ್ತಾ, ಹಾಡುತ್ತಾ, ಕುಣಿಯುತ್ತಾರೆ. ಸ್ಟ್ಯಾಂಡ್ ಮುಂದೆ ನಿಲ್ಲಿ ಅನ್ನುವ ಹಾಗೇ ಇಲ್ಲ. ಸೆರಗಿಗೆ ಸಣ್ಣ ಕ್ಲಿಪ್ ಮೈಕ್ ಹಾಕಿ ನೋಡಿದಾಗ ಹಾಡಿಗಿಂತ ಬಳೆ ಸದ್ದೇ ಜೋರಾಗಿತ್ತು. ಬಳೆ ತೆಗೆಯಿರಿ ಅಂತ ಜೋಗತಿಯವರಿಗೆ ಹೇಳುವುದು ಸರಿಯಲ್ಲ. ಮೈಕನ್ನು ಇನ್ನೊಂದು ಭುಜಕ್ಕೆ, ಬಾಯಿಗೆ ಹತ್ತಿರವಾಗಿ ಸರಿಸಿದೆ. ಬಳೆ ಹಿಂದಕ್ಕೆ ಸರಿದು ಹಾಡಿನ ಜೊತೆ ಕೂಡಿಕೊಂಡಿತು. ಈಗ ಕೇಳಿದರೆ ಆ ಬಳೆ ಇಲ್ಲದೆ ಹಾಡೇ ಬೋಳು ಅನ್ನಿಸುತ್ತದೆ.

ರಿವಾಯತ್ ಅಂದರೆ ಮೊಹರಂ ಹೊತ್ತಿನ ಕರ್ಬಲಾ ಕಥೆಯ ಪದಗಳು. ನಮ್ಮ ಭಾಗದಲ್ಲಿ ಹಿಂದೂಗಳು, ಮುಸ್ಲಿಮರು ಕೂಡಿ ಕನ್ನಡದಲ್ಲೇ ಹಾಡುತ್ತಾರೆ. ಈ ಮೇಳದವರು ಗುಂಡಗೆ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಾ ಹಾಡುವವರು. ಜನರ ಕಡೆ ತಿರುಗಿಸಿದರೆ ಆ ಬಿಸಿ ಬರುವುದಿಲ್ಲ. ನಡುವೆ ಎರಡು ಮೈಕ್ ನಿಲ್ಲಿಸಿ, ಅವರ ಪಾಡಿಗೆ ಬಿಟ್ಟೆ. ನನ್ನ ಪ್ರಕಾರ ಅವತ್ತಿನ ಅತ್ಯುತ್ತಮ ರೆಕಾರ್ಡಿಂಗ್ ಅದೇ.

ಇನ್ನು ಯಂತ್ರದ ಮಾತು. ಮೈದಾನದ ಸ್ಪೀಕರಿಗೆ ಹೋಗುವ ಮಿಕ್ಸನ್ನೇ, ಅಂದರೆ ಎಲ್ಲ ಮೈಕುಗಳ ಸದ್ದು ಕೂಡಿಸಿದ್ದನ್ನೇ, ಹಿಡಿದು ಬಿಡುಗಡೆ ಮಾಡಬೇಡಿ. ಅದು ಬಯಲಿಗೆ ಅಂತ ಮಾಡಿದ್ದು. ಒಂದೊಂದು ಮೈಕನ್ನೂ ಬೇರೆ ಬೇರೆ ಟ್ರ್ಯಾಕಿಗೆ, ಅಂದರೆ ಪ್ರತ್ಯೇಕ ರೆಕಾರ್ಡಿಂಗ್ ಆಗಿ, 24 ಬಿಟ್, 48 ಕಿಲೋಹರ್ಟ್ಸ್ ಅನ್ನೋ ಡಿಜಿಟಲ್ ಗುಣಮಟ್ಟದಲ್ಲಿ ತೆಗೆದುಕೊಂಡೆ. ರೆಕಾರ್ಡರಿನ ಮೀಟರಿನಲ್ಲಿ ಸೊನ್ನೆ ದಾಟಿದರೆ ಸದ್ದು ಒಡೆಯುತ್ತದೆ, ಅದಕ್ಕೇ ಪರೀಕ್ಷೆ ಹೊತ್ತಿಗೆ ಜೋರು ಸದ್ದು ಮೈನಸ್ 12 ಡೆಸಿಬಲ್ ದಾಟದಂತೆ ಇಟ್ಟೆ. ಜನ ಕಂಡರೆ ಕಲಾವಿದರು ಇನ್ನೂ ಏರಿಸಿಯೇ ಹಾಡುತ್ತಾರೆ. ಮೈಕುಗಳಿಗೆಲ್ಲ ತುಪ್ಪಳದ ಗಾಳಿಟೋಪಿ ಹಾಕಿದ್ದೆ. ಬಯಲುಸೀಮೆ ಗಾಳಿಗೆ ಸ್ಪಂಜು ಸಾಲದು. ಜನರೇಟರ್ ದೂರ, ಲೈಟಿಗೆ ಒಂದು ಲೈನು, ಸೌಂಡಿಗೆ ಇನ್ನೊಂದು. ಚಪ್ಪಾಳೆ ಹಿಡಿಯುವ ಮೈಕ್ ವೇದಿಕೆಯಿಂದ ಸುಮಾರು 30 ಮೀಟರ್ ದೂರ ಇತ್ತು. ಹಾಡು ಅಲ್ಲಿಗೆ ತಲುಪಲು ಹತ್ತಿರ ಹತ್ತಿರ 90 ಮಿಲಿಸೆಕೆಂಡ್ ಬೇಕು. ಆ ಟ್ರ್ಯಾಕನ್ನು ಅಷ್ಟು ಬೇಗ ಶುರುವಾಗುವಂತೆ ಎಳೆದು ಕೂರಿಸದಿದ್ದರೆ ಹಾಡು ಎರಡೆರಡು ಸಲ ಕೇಳುತ್ತದೆ. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕಾದ್ದರಿಂದ ಬ್ಯಾಂಡನ್ನು ಒಂಬತ್ತು ಗಂಟೆಗೇ ಹತ್ತಿಸಿದೆವು.

ಸಹಾಯಾರ್ಥ ಅಂದಾಕ್ಷಣ ಕಲಾವಿದರು ಪುಕ್ಕಟೆ ಹಾಡಬೇಕು ಅನ್ನೋದನ್ನು ನಾನು ಒಪ್ಪುವುದಿಲ್ಲ. ಕೂಲಿ ಬಿಟ್ಟು ಬಂದವರು ಅವರು. ಬಸ್ ಖರ್ಚು, ರೊಟ್ಟಿ ಊಟ, ಸಂಭಾವನೆ ಎಲ್ಲವನ್ನೂ ಹುಂಡಿ ಮುಟ್ಟದೆ ಬೇರೆ ಹಣದಿಂದ ಕೊಟ್ಟೆವು. ಕಾಪಿರೈಟ್ ಕಾಯ್ದೆ ಪ್ರಕಾರ ಹಾಡುವವರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷ ಹಕ್ಕಿದೆ. ಹಾಗಾಗಿ ಒಂದು ಪುಟದ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಬರೆದು, ಓದು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಪಡೆದು, ಒಂದು ಪ್ರತಿ ಅವರ ಕೈಗೂ ಕೊಟ್ಟೆವು.

ಮಿಕ್ಸ್ ಮುಗಿದ ಮೇಲೆ ಮೊದಲು ಕಳಿಸಿದ್ದು ಕಲಾವಿದರ ಫೋನಿಗೆ. ಭಜನೆಯವರು ತಾಳದ ಸದ್ದು ಸ್ವಲ್ಪ ಜೋರಾಗಲಿ ಅಂದರು. ಹಾಗೇ ಮಾಡಿದೆ. ಎಲ್ಲರೂ ಸೈ ಅಂದ ಮೇಲೆ ಹಾಡುಗಳು ಹೊರಗೆ ಹೋದವು.