ಫೋಟೋ ದೊಡ್ಡದು ಮಾಡಿಸುವ ಮುಂಚೆ ಪಿಕ್ಸೆಲ್ ಎಣಿಸಿ

ಚಿಕ್ಕಪ್ಪನ ಅರವತ್ತರ ಶಾಂತಿಗೆ ಛತ್ರದ ಬಾಗಿಲಲ್ಲಿ 6 ಅಡಿ ಅಗಲ, 4 ಅಡಿ ಎತ್ತರದ ಬ್ಯಾನರ್ ನಿಲ್ಲಿಸಿದ್ದರು. ರಸ್ತೆಯಿಂದ ನೋಡಿದಾಗ ಚೆನ್ನಾಗಿಯೇ ಇತ್ತು. ಹತ್ತಿರ ಹೋದರೆ ಚಿಕ್ಕಪ್ಪನ ಮೀಸೆ ಮೆಟ್ಟಿಲು ಮೆಟ್ಟಿಲಾಗಿತ್ತು, ಚಿಕ್ಕಮ್ಮನ ಮೂಗುತಿ ಒಂದು ಬಿಳಿ ಚೌಕ. ಅವರ ಮಗನನ್ನು ಕೇಳಿದೆ. ‘ಮೂರು ಎಂಬಿ ಫೋಟೋ ಅಣ್ಣ, ಒಡೆಯಲ್ಲ ಅಂದ್ಕೊಂಡೆ’ ಅಂದ. ಅದು ಯಾರದೋ ಸ್ಟೇಟಸ್‌ನಿಂದ ತೆಗೆದ ಸ್ಕ್ರೀನ್‌ಶಾಟ್! ಸ್ಕ್ರೀನ್‌ಶಾಟ್ ಪಿಎನ್‌ಜಿ ಫೈಲ್ ಆಗಿದ್ದರೆ ಎಂಬಿ ಜಾಸ್ತಿಯೇ ಇರುತ್ತದೆ, ಆದರೆ ಅದರ ಅಗಲ ಬರೀ 1080 ಪಿಕ್ಸೆಲ್, ಅಂದರೆ ಫೋಟೋ ಕಟ್ಟುವ ಬಣ್ಣದ ಚುಕ್ಕೆಗಳು ಅಷ್ಟೇ. 6 ಅಡಿ ಅಂದರೆ 72 ಇಂಚು. ಭಾಗಿಸಿ ನೋಡಿ, ಇಂಚಿಗೆ 15 ಪಿಕ್ಸೆಲ್. ಮೀಸೆ ಮೆಟ್ಟಿಲಾಗದೆ ಇನ್ನೇನಾಗುತ್ತದೆ?

ಇಂಥ ಬ್ಯಾನರ್‌ಗಳನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಮೂಲ ಫೈಲ್ ಹುಡುಕಿ

ಫೋಟೋ ತೆಗೆದವರ ಫೋನು ಅಥವಾ ಕ್ಯಾಮೆರಾದಿಂದಲೇ ಫೈಲ್ ಪಡೆಯಿರಿ. ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಮುಕ್ಕಾಲು ಪಾಲು ಪಿಕ್ಸೆಲ್ ನುಂಗಿಬಿಡುತ್ತದೆ. ‘ಡಾಕ್ಯುಮೆಂಟ್’ ಅಂತ ಕಳಿಸಿದರೆ ಮೂಲ ಫೈಲ್ ಹಾಗೇ ಬರುತ್ತದೆ. ಇಷ್ಟು ಮಾಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಹಂತ 2: ಕ್ರಾಪ್ ಮಾಡಿ, ಆಮೇಲೆ ಎಣಿಸಿ

ಜನ ಎಡವುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ. ‘ನನ್ನ ಫೋನ್ 50 ಮೆಗಾಪಿಕ್ಸೆಲ್’ ಅಂತ ಧೈರ್ಯವಾಗಿರಬೇಡಿ. ಅಂಥ ಹೆಚ್ಚಿನ ಫೋನ್‌ಗಳು ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡಿ ಸುಮಾರು 12 ಮೆಗಾಪಿಕ್ಸೆಲ್ ಫೋಟೋವನ್ನೇ ಉಳಿಸುತ್ತವೆ, ಸೆಟ್ಟಿಂಗ್ ಬದಲಾಯಿಸದ ಹೊರತು. 12 ಮೆಗಾಪಿಕ್ಸೆಲ್ ಅಂದರೆ ಹೆಚ್ಚು ಕಡಿಮೆ 4000 ಅಗಲ, 3000 ಎತ್ತರ. ಸರಿ, ಕೆಟ್ಟದ್ದೇನಲ್ಲ. ಆದರೆ ನಿಮಗೆ ಬೇಕಿರುವುದು ಮದುವೆಯ ಗ್ರೂಪ್ ಫೋಟೋದಲ್ಲಿ ಎರಡನೇ ಸಾಲಿನಲ್ಲಿ ನಿಂತ ಅಜ್ಜಿ ಒಬ್ಬರೇ ಅಲ್ವಾ? ಅವರನ್ನಷ್ಟೇ ಕತ್ತರಿಸಿದರೆ ಕೈಗೆ ಬರುವುದು 400 ಪಿಕ್ಸೆಲ್. ಇಡೀ ಫೋಟೋದ ಲೆಕ್ಕ ಅಲ್ಲಿಗೆ ಮುಗಿಯಿತು. ಅದಕ್ಕೇ ಮೊದಲು ಕ್ರಾಪ್ ಮಾಡಿ, ಉಳಿದದ್ದರ ಉದ್ದ ಅಗಲ ಎಷ್ಟು ಪಿಕ್ಸೆಲ್ ಅಂತ ನೋಡಿ ಬರೆದಿಟ್ಟುಕೊಳ್ಳಿ.

ಈಗ ಎಷ್ಟು ಬೇಕು ಅನ್ನುವ ಪ್ರಶ್ನೆ. ಎಲ್ಲರೂ ‘300 ಡಿಪಿಐ’, ಅಂದರೆ ಇಂಚಿಗೆ 300 ಚುಕ್ಕೆ, ಅಂತ ಮಂತ್ರದ ಹಾಗೆ ಹೇಳುತ್ತಾರೆ. ಅದು ಕೈಯಲ್ಲಿ ಹಿಡಿದು ಒಂದಡಿ ದೂರದಿಂದ ನೋಡುವ ಫೋಟೋಗೆ. ದೂರ ಹೆಚ್ಚಿದ ಹಾಗೆ ಕಣ್ಣಿಗೆ ಅಷ್ಟು ಸಣ್ಣ ಚುಕ್ಕೆ ಕಾಣುವುದಿಲ್ಲ. ಎಷ್ಟು ಅಡಿ ದೂರದಿಂದ ನೋಡುತ್ತಾರೋ ಅದರಿಂದ 300ನ್ನು ಭಾಗಿಸಿದರೆ ಸಾಕು. ಎರಡಡಿಗೆ ಇಂಚಿಗೆ 150, ಮೂರಡಿಗೆ 100, ಹತ್ತಡಿಗೆ 30. ಹಾಗಂತ ಛತ್ರದ ಬ್ಯಾನರ್‌ಗೆ 30 ಸಾಕು ಅಂತ ಕೂರಬೇಡಿ. ಜನ ಅದರ ಪಕ್ಕವೇ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಮನೆಯ ಹಾಲ್‌ನಲ್ಲಿ ನೇತು ಹಾಕುವ ಕ್ಯಾನ್ವಾಸ್‌ಗೆ ನಾನು 100ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ, ಬಾಗಿಲ ಬ್ಯಾನರ್‌ಗೆ 72 ಇಟ್ಟುಕೊಳ್ಳುತ್ತೇನೆ.

ಚಿಕ್ಕಪ್ಪನ ಬ್ಯಾನರ್ ಲೆಕ್ಕವನ್ನೇ ಮಾಡೋಣ. 72 ಇಂಚಿಗೆ 72 ಅಂದರೆ 5184 ಪಿಕ್ಸೆಲ್, 48 ಇಂಚಿಗೆ 3456. ತಮಾಷೆ ಏನೆಂದರೆ ಹಳೆಯ ಕ್ಯಾನನ್ 700ಡಿ ಕ್ಯಾಮೆರಾದ ಫೋಟೋ ಸರಿಯಾಗಿ ಇದೇ ಅಳತೆಯದು. ಊರಿನ ಸ್ಟುಡಿಯೋದವರ ಹತ್ತಿರ ಇರುವ ಹಳೇ ಕ್ಯಾಮೆರಾ ಸಾಕಿತ್ತು.

ಇನ್ನು ಡಿಪಿಐ ಅಂಕಿಯ ಗೋಜಲು. ಅಂಗಡಿಯವರು ‘300 ಮಾಡಿ ಕಳಿಸಿ’ ಅಂದರೆ ಹುಡುಗರು ಫೋಟೋಶಾಪ್ ತೆರೆದು, ಇಮೇಜ್ ಸೈಜ್‌ಗೆ ಹೋಗಿ, 72 ಇದ್ದಲ್ಲಿ 300 ಅಂತ ಒತ್ತಿ ಕೆಲಸ ಆಯಿತು ಅನ್ನುತ್ತಾರೆ. ಅಲ್ಲಿ ‘ರೀಸ್ಯಾಂಪಲ್’ ಅಂತ ಒಂದು ಟಿಕ್ ಇದೆ. ಅದನ್ನು ತೆಗೆದಿದ್ದರೆ ಒಂದು ಪಿಕ್ಸೆಲ್ ಕೂಡ ಬದಲಾಗುವುದಿಲ್ಲ, ಇಂಚು ಮಾತ್ರ ಕಡಿಮೆ ತೋರಿಸುತ್ತದೆ. ಟಿಕ್ ಹಾಗೇ ಇದ್ದರೆ ಇಲ್ಲದ ಪಿಕ್ಸೆಲ್‌ಗಳನ್ನು ಅಕ್ಕಪಕ್ಕದ ಬಣ್ಣ ನೋಡಿ ಊಹಿಸಿ ತುಂಬುತ್ತದೆ. ಹಾಲಿಗೆ ನೀರು ಬೆರೆಸಿದ ಹಾಗೆ. 6x4 ಅಡಿಯನ್ನು 300ಕ್ಕೆ ಏರಿಸಿದರೆ 21600x14400, ಅಂದರೆ 311 ಮೆಗಾಪಿಕ್ಸೆಲ್. ಕಂಪ್ಯೂಟರ್ ಏದುಸಿರು ಬಿಡುತ್ತದೆ, ಮೀಸೆ ಮಾತ್ರ ಹಾಗೇ ಇರುತ್ತದೆ. ಟಿಕ್ ತೆಗೆದು, ಅಗಲದಲ್ಲಿ 72 ಇಂಚು ಅಂತ ಹಾಕಿ. ಆಗ ರೆಸಲ್ಯೂಷನ್ ಜಾಗದಲ್ಲಿ ಕಾಣುವ ಅಂಕಿಯೇ ಇಂಚಿಗೆ ನಿಮಗೆ ನಿಜವಾಗಿ ಸಿಗುವ ಪಿಕ್ಸೆಲ್.

ಹಂತ 3: ಸಾಲದೆ ಬಂದರೆ

ಫೋಟೋವನ್ನೇ ಚಿಕ್ಕದಾಗಿ ಹಾಕಿಸಿ. 6 ಅಡಿ ಬ್ಯಾನರ್‌ನಲ್ಲಿ ಎರಡಡಿ ಫೋಟೋ, ಉಳಿದ ಕಡೆ ಹೂವಿನ ಅಂಚು, ಅಕ್ಷರ. ಅಕ್ಷರ ಎಷ್ಟು ದೊಡ್ಡದಾದರೂ ಒಡೆಯುವುದಿಲ್ಲ, ಡಿಸೈನರ್ ಅದನ್ನು ಫೋಟೋದೊಳಗಲ್ಲ, ಬ್ಯಾನರ್ ವಿನ್ಯಾಸದ ಸಾಫ್ಟ್‌ವೇರ್ ಕೋರೆಲ್‌ಡ್ರಾದಲ್ಲೇ ಹಾಕಿದ್ದರೆ. ಬೇಕೇ ಬೇಕಾದರೆ ಸಾಫ್ಟ್‌ವೇರ್‌ನಲ್ಲಿ ಎರಡು ಪಟ್ಟು ಹಿಗ್ಗಿಸಿ, ಅದಕ್ಕಿಂತ ಜಾಸ್ತಿ ಬೇಡ. ಮುಖ ‘ಸರಿ ಮಾಡುವ’ ಎಐ ಆ್ಯಪ್‌ಗಳ ಸಹವಾಸವಂತೂ ಬೇಡವೇ ಬೇಡ. ನಮ್ಮ ಅಜ್ಜಿಯ ಫೋಟೋ ಹಾಕಿದ್ದಕ್ಕೆ ಅದು ಅವರ ಬಾಯಿಗೆ ಯಾರದೋ ಹಲ್ಲು ಕೂರಿಸಿ ಕೊಟ್ಟಿತು. ಅಜ್ಜಿಗೆ ಮುಂದಿನ ಎರಡು ಹಲ್ಲು ಇರಲೇ ಇಲ್ಲ!

ಗೋಡೆಯ ಹಳೇ ಫೋಟೋ ದೊಡ್ಡದು ಮಾಡಿಸುವುದಾದರೆ ಗಾಜಿನ ಮೇಲಿಂದ ಫೋನ್‌ನಲ್ಲಿ ತೆಗೆಯಬೇಡಿ, ಟ್ಯೂಬ್‌ಲೈಟ್ ಹಣೆಯ ಮೇಲೆ ಬರುತ್ತದೆ. ಫ್ರೇಮ್ ಬಿಚ್ಚಿ, ಮೆತ್ತಗಿನ ಬ್ರಷ್‌ನಿಂದ ದೂಳು ತೆಗೆದು, 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ. 4x6 ಇಂಚಿನ ಫೋಟೋ 2400x3600 ಆಗುತ್ತದೆ. 2x3 ಅಡಿಗೆ ಇಂಚಿಗೆ 100 ಸಿಕ್ಕಿತು. ಫೋಟೋ ಫ್ರೇಮಿನ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಲು ಹೋಗಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ.

ಹಂತ 4: ಅಂಚು, ಬೆಳಕು, ಶಾರ್ಪ್

ಕ್ಯಾನ್ವಾಸ್ ಚೌಕಟ್ಟಿಗೆ ಮಡಚಲು ನಾಲ್ಕೂ ಕಡೆ ಎರಡಿಂಚು ಜಾಸ್ತಿ ಬಿಡಿ, ಇಲ್ಲದಿದ್ದರೆ ಕಿವಿ ಪಕ್ಕಕ್ಕೆ ಹೋಗುತ್ತದೆ. ಫೋನ್ ಪರದೆಗಿಂತ ಪ್ರಿಂಟ್ ಮಬ್ಬಾಗಿ ಬರುತ್ತದೆ, ಸ್ವಲ್ಪ ಬೆಳಕು ಏರಿಸಿ. ಶಾರ್ಪ್ ಮಾಡುವುದು, ಅಂದರೆ ಗೆರೆ ಅಂಚುಗಳನ್ನು ಸ್ಪಷ್ಟ ಮಾಡುವುದು, ಅಳತೆ ಸರಿ ಮಾಡಿದ ಮೇಲೆಯೇ. ಅಂದ ಹಾಗೆ ಫ್ಲೆಕ್ಸ್ ಬೇಡ, ಬಟ್ಟೆಯ ಬ್ಯಾನರ್ ಕೇಳಿ. ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್‌ಗೆ 2016ರಲ್ಲೇ ನಿಷೇಧ ಬಂದಿದೆ. ಬಟ್ಟೆ ಶಾಯಿ ಹೀರಿಕೊಳ್ಳುವುದರಿಂದ ಸಣ್ಣಪುಟ್ಟ ಒಡಕು ಮುಚ್ಚಿಯೂ ಹೋಗುತ್ತದೆ.

ಹಂತ 5: ಒಂದು ತುಂಡು ಪ್ರಿಂಟ್ ಹಾಕಿಸಿ

ಪೂರ್ತಿ ಅಳತೆಗೆ ಸಿದ್ಧ ಮಾಡಿದ ಫೈಲ್‌ನಿಂದ ಕಣ್ಣು, ಮೂಗು ಬರುವ 8x12 ಇಂಚಿನ ತುಂಡನ್ನಷ್ಟೇ ಕತ್ತರಿಸಿ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ. ದೊಡ್ಡ ಪ್ರಿಂಟಿನ ಮುಂದೆ ಅದರ ಖರ್ಚು ಏನೂ ಅಲ್ಲ. ಗೋಡೆಗೆ ಅಂಟಿಸಿ, ಜನ ನಿಲ್ಲುವಷ್ಟು ದೂರ ನಿಂತು ನೋಡಿ. ರೆಪ್ಪೆಯ ಕೂದಲು ಕೂದಲಾಗಿ ಕಂಡರೆ ಧೈರ್ಯವಾಗಿ ಹೋಗಿ.

ಅಂಗಡಿಯಲ್ಲಿ ‘ವಾಟ್ಸಾಪ್ ಮಾಡಿ ಸಾರ್’ ಅಂತಾರೆ. ಮಾಡಬೇಡಿ. ಪೆನ್‌ಡ್ರೈವ್ ಕೊಡಿ, ಅವರು ಫೈಲ್ ತೆರೆದು ಪಿಕ್ಸೆಲ್ ಅಂಕಿ ತೋರಿಸುವ ತನಕ ಅಲ್ಲೇ ಕುರ್ಚಿ ಎಳೆದುಕೊಂಡು ಕೂತಿರಿ.