ಚಾಕಣ್‌ನ ಕಂಪನಿಗಳಿಗೆ ರೆಸ್ಯೂಮೆ: ನಾನು ಬರೆದ ಬಗೆ

ಪುಣೆ ಬಳಿಯ ಕೈಗಾರಿಕಾ ಪ್ರದೇಶ ಚಾಕಣ್‌ನ ಕಂಪನಿಗಳಿಗೆ ರೆಸ್ಯೂಮೆ ಬರೆಯಲು ಕೂತಾಗ, ಮೊದಲ ಎರಡು ಸಂಜೆ ಕಂಪ್ಯೂಟರ್ ಮುಟ್ಟದೆ ನೋಟ್‌ಬುಕ್‌ನಲ್ಲೇ ಬರೆದೆ. ಕ್ವಾಲಿಟಿ ವಿಭಾಗದವರ ರೆಸ್ಯೂಮೆಗೆ ಬೇಕಾದ ಸರಕೆಲ್ಲ ರಿಜೆಕ್ಷನ್ ರಿಜಿಸ್ಟರ್, ಗ್ರಾಹಕರ ದೂರು, ಆಡಿಟ್ ವರದಿಗಳಲ್ಲಿ ಹರಡಿಕೊಂಡಿರುತ್ತದೆ. ಯಾವ ಪಾರ್ಟ್, ಯಾವ ಮಷೀನ್, ಏನು ಕೆಡುತ್ತಿತ್ತು, ನಾನು ಏನು ಬದಲಿಸಿದೆ, ಆಮೇಲೆ ಲೆಕ್ಕ ಎಷ್ಟಕ್ಕೆ ಇಳಿಯಿತು ಎಂದು ಮಾಡಿದ ಒಂದೊಂದು ಕೆಲಸಕ್ಕೂ ಬರೆದಿಟ್ಟೆ. ಹೀಗೆ 25 ಕೆಲಸಗಳ ಪಟ್ಟಿಯಾಯಿತು. ರೆಸ್ಯೂಮೆಗೆ ಹೋಗುವುದು ಎಂಟೋ ಹತ್ತೋ. ಯಾವುವು ಎಂಬುದು ಜಾಹೀರಾತನ್ನು ಓದಿದ ಮೇಲೆ ತೀರ್ಮಾನ.

ಒಂದು ಸಾಲು ಕಟ್ಟುವುದನ್ನು ತೋರಿಸುತ್ತೇನೆ. ರೆಸ್ಯೂಮೆ ಇಂಗ್ಲಿಷಿನಲ್ಲೇ ಇರಬೇಕು, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಸಾಮಾನ್ಯವಾಗಿ ಕಾಣುವ ಸಾಲು: "ಲೈನ್ ತಪಾಸಣೆ ಮತ್ತು ರಿಜೆಕ್ಷನ್ ಕಡಿಮೆ ಮಾಡುವ ಜವಾಬ್ದಾರಿ." ಆ ಹುದ್ದೆಯಲ್ಲಿದ್ದ ಯಾರು ಬೇಕಾದರೂ ಇದನ್ನು ಬರೆಯಬಹುದು. ಅದನ್ನೇ ಹೀಗೆ ಬರೆಯಿರಿ: "ಅಲ್ಯೂಮಿನಿಯಂ ಹೌಸಿಂಗ್, ವಿಎಂಸಿ ಲೈನ್, ತಿಂಗಳಿಗೆ 12,000 ಪಾರ್ಟ್. ಬೋರ್ ಪೊಸಿಷನ್ ರಿಜೆಕ್ಷನ್ 6 ತಿಂಗಳಲ್ಲಿ 2.8%ನಿಂದ 1.1%ಗೆ. ಕಾರಣ ಫಿಕ್ಸ್ಚರ್‌ನ ಲೊಕೇಟಿಂಗ್ ಪಿನ್ ಸವೆತ. ಪ್ರತಿ 5,000 ಪಾರ್ಟ್‌ಗೆ ಪಿನ್ ಬದಲಿಸುವ ಪದ್ಧತಿ ತಂದೆ." (ವಿಎಂಸಿ ಎಂದರೆ ಲೋಹ ಕೊರೆಯುವ ಕಂಪ್ಯೂಟರ್ ನಿಯಂತ್ರಿತ ಯಂತ್ರ, ಬೋರ್ ಎಂದರೆ ಕೊರೆದ ರಂಧ್ರ, ಫಿಕ್ಸ್ಚರ್ ಎಂದರೆ ಪಾರ್ಟನ್ನು ಹಿಡಿದಿಡುವ ಸಾಧನ, ಲೊಕೇಟಿಂಗ್ ಪಿನ್ ಅದನ್ನು ಸರಿಯಾದ ಜಾಗದಲ್ಲಿ ಕೂರಿಸುತ್ತದೆ.) ತಿಂಗಳ ಉತ್ಪಾದನೆ ಬರೆಯದಿದ್ದರೆ ಶೇಕಡಾವಾರಿಗೆ ತೂಕವಿಲ್ಲ. 12,000ದಲ್ಲಿ 2.8% ಎಂದರೆ 336 ಪಾರ್ಟ್, 1.1% ಎಂದರೆ 132. ಓದುವ ಮ್ಯಾನೇಜರ್ ಆ ಲೆಕ್ಕವನ್ನು ಮನಸ್ಸಲ್ಲೇ ಹಾಕುತ್ತಾನೆ. 5,000 ಯಾಕೆ, 8,000 ಯಾಕಲ್ಲ ಎಂದೂ ಕೇಳುತ್ತಾನೆ. ಉತ್ತರ ಗೊತ್ತಿಲ್ಲದ ಅಂಕಿಯನ್ನು ಹಾಕಲೇಬೇಡಿ. ನಾಲ್ಕು ಜನ ಸೇರಿ ಮಾಡಿದ ಕೆಲಸವಾದರೆ ನಿಮ್ಮ ಪಾಲು ಯಾವುದು ಅಂತ ಬರೆಯಿರಿ: ಸಿಎಂಎಂ (ನಿಖರವಾಗಿ ಅಳೆಯುವ ಯಂತ್ರ) ಅಳತೆ ನಿಮ್ಮದೋ, ಕಾರಣ ಹುಡುಕಿದ್ದು ನಿಮ್ಮದೋ. ಗ್ರಾಹಕ ಕಂಪನಿಯ ಪಾರ್ಟ್ ನಂಬರ್, ಡ್ರಾಯಿಂಗ್, ದರ ಯಾವುದೂ ಬೇಡ.

ಜಾಹೀರಾತಿನಲ್ಲಿ ಐಎಟಿಎಫ್ 16949 (ವಾಹನೋದ್ಯಮದ ಗುಣಮಟ್ಟ ಮಾನದಂಡ), ಪಿಪಿಎಪಿ (ಹೊಸ ಪಾರ್ಟ್‌ಗೆ ಗ್ರಾಹಕರ ಒಪ್ಪಿಗೆ ಪಡೆಯುವ ವಿಧಾನ), 8ಡಿ (ಎಂಟು ಹಂತದಲ್ಲಿ ಸಮಸ್ಯೆ ಬಿಡಿಸುವ ವಿಧಾನ), ಎಸ್‌ಪಿಸಿ (ಅಂಕಿಅಂಶದಿಂದ ಉತ್ಪಾದನೆಯ ಮೇಲೆ ಕಣ್ಣಿಡುವುದು) ಎಂದಿದ್ದರೆ ಅದೇ ಪದ ಬಳಸಿ. ಪಿಪಿಎಪಿ, ಎಸ್‌ಪಿಸಿಯಂಥವುಗಳ ಪೂರ್ಣರೂಪವನ್ನೂ ಒಂದು ಸಲ ಬರೆಯಿರಿ, ಹುಡುಕುವವರು ಎರಡರಲ್ಲಿ ಯಾವುದನ್ನಾದರೂ ಟೈಪ್ ಮಾಡಬಹುದು. ಸ್ಕಿಲ್ಸ್ ಪಟ್ಟಿಯಲ್ಲಿ ಹಾಕಿದ ಪ್ರತಿ ಪದಕ್ಕೂ ಕೆಳಗೆ ಕೆಲಸದ ವಿವರದಲ್ಲಿ ಒಂದು ಸಾಕ್ಷಿ ಇರಬೇಕು.

ಕರ್ನಾಟಕದಿಂದ ಪುಣೆಗೆ ಬಂದವರು ಎಡವುವುದು ಹೆಚ್ಚಾಗಿ ಹೆಸರಿನಲ್ಲಿ. ನಮ್ಮಲ್ಲಿ ಅನೇಕರಿಗೆ ಹೆಸರು ಮತ್ತು ಇನಿಷಿಯಲ್ ಅಷ್ಟೇ. ಇಲ್ಲಿನ ಫಾರಂಗಳು ಹೆಸರು, ತಂದೆಯ ಹೆಸರು, ಅಡ್ಡಹೆಸರು (ಸರ್‌ನೇಮ್) ಮೂರನ್ನೂ ಕೇಳುತ್ತವೆ. ಒಂದು ಕಡೆ ಇನಿಷಿಯಲ್, ಇನ್ನೊಂದು ಕಡೆ ಊರಿನ ಹೆಸರು, ಮತ್ತೊಂದು ಕಡೆ ಅಪ್ಪನ ಹೆಸರು ತುಂಬಿದರೆ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನಲ್ಲಿ ಫೈಲ್ ನಿಲ್ಲುತ್ತದೆ. ಪ್ಯಾನ್ ಕಾರ್ಡ್‌ನಲ್ಲಿ ಹೇಗಿದೆಯೋ ಹಾಗೆಯೇ, ಅದೇ ಸ್ಪೆಲಿಂಗ್‌ನಲ್ಲಿ, ಎಲ್ಲ ಕಡೆ ಬರೆಯಿರಿ. ಎಸ್ಸೆಸ್ಸೆಲ್ಸಿ, ಪಿಯುಸಿ ಪಕ್ಕದಲ್ಲಿ 10ನೇ, 12ನೇ ತರಗತಿ ಎಂದೂ ಇರಲಿ. ಇಲ್ಲಿನವರಿಗೆ ಪರಿಚಯವಿರುವುದು ಎಸ್‌ಎಸ್‌ಸಿ, ಎಚ್‌ಎಸ್‌ಸಿ.

ಇದಕ್ಕಿಂತ ದೊಡ್ಡ ತೊಡಕು ಕಾಂಟ್ರಾಕ್ಟರ್ ಪೇರೋಲ್. ದಿನಾ ಹೋಗುವುದು ದೊಡ್ಡ ಪ್ಲಾಂಟ್‌ಗೆ, ಸಂಬಳ ಬರುವುದು ಮ್ಯಾನ್‌ಪವರ್ ಏಜೆನ್ಸಿಯಿಂದ. ಪ್ಲಾಂಟ್‌ನ ಹೆಸರನ್ನಷ್ಟೇ ಬರೆದರೆ ಪಿಎಫ್ ದಾಖಲೆಯಲ್ಲಿ ಬೇರೆ ಹೆಸರು ಕಾಣುತ್ತದೆ, ಸುಳ್ಳು ಹೇಳಿದಂತಾಗುತ್ತದೆ. ಏಜೆನ್ಸಿಯ ಹೆಸರು ಬರೆದು, ಪಕ್ಕದಲ್ಲಿ "ಕೆಲಸದ ಸ್ಥಳ: ಇಂಥ ಪ್ಲಾಂಟ್, ಚಾಕಣ್" ಎಂದು ಹಾಕಿ. ಸೇರಿದ, ಬಿಟ್ಟ ತಿಂಗಳನ್ನು ಪಿಎಫ್ ಸರ್ವಿಸ್ ಹಿಸ್ಟರಿ ನೋಡಿಯೇ ಬರೆಯಿರಿ, ನೆನಪಿನಿಂದ ಬೇಡ. ಟ್ರೇನಿಯಾಗಿದ್ದರೆ ಟ್ರೇನಿ ಎಂದೇ ಇರಲಿ.

ವಿನ್ಯಾಸಕ್ಕೆ ಹೆಚ್ಚು ಹೊತ್ತು ಕೊಡಲಿಲ್ಲ. ಎ4 ಹಾಳೆ, ಸುತ್ತ 2 ಸೆಂ.ಮೀ. ಅಂಚು, ಏರಿಯಲ್ 10.5 ಅಕ್ಷರ, ಹೆಸರು ಮಾತ್ರ 16. ಆರೇಳು ವರ್ಷದ ಅನುಭವದವರೆಗೆ ಒಂದೇ ಪುಟ ಸಾಕು. ಎರಡು ಕಾಲಂ, ಟೇಬಲ್, ಸ್ಕಿಲ್‌ಗೆ ನಕ್ಷತ್ರ ಹಾಕುವ ಟೆಂಪ್ಲೇಟ್ ಬೇಡ. ಕಂಪನಿಗಳು ರೆಸ್ಯೂಮೆ ಆರಿಸಲು ಬಳಸುವ ಸಾಫ್ಟ್‌ವೇರ್ ಅದನ್ನು ಓದುವಾಗ ಎಡಗಡೆಯ ಸಾಲಿಗೆ ಬಲಗಡೆಯದು ಅಂಟಿಕೊಳ್ಳಬಹುದು. ಪರೀಕ್ಷೆ ಸುಲಭ: ಪಿಡಿಎಫ್ ತೆರೆದು ಎಲ್ಲವನ್ನೂ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿ. ಕಂಪನಿ, ತಾರೀಖು, ಹುದ್ದೆ ಕ್ರಮವಾಗಿ ಬಂದರೆ ಸರಿ. ಕೆಲವು ಫಾಂಟ್‌ಗಳಲ್ಲಿ "ಸರ್ಟಿಫಿಕೇಟ್" ಪದದ ಎಫ್ ಮತ್ತು ಐ ಕೂಡಿಕೊಂಡು, ಪೇಸ್ಟ್ ಮಾಡಿದಾಗ ಆ ಜಾಗ ಖಾಲಿ ಕಾಣುತ್ತದೆ. ಆಗ ಫಾಂಟ್ ಬದಲಿಸಿ. ಫೋನ್ ನಂಬರನ್ನು ವರ್ಡ್‌ನ ಹೆಡರ್‌ನಲ್ಲಿ ಇಡದೆ ಪುಟದ ಒಳಗೇ ಬರೆಯಿರಿ, ಹೆಡರ್ ಓದದ ಸಾಫ್ಟ್‌ವೇರ್‌ಗಳಿವೆ.

ತಂದೆಯ ಹೆಸರಿನ ಸಾಲು, ಧರ್ಮ, ಮದುವೆಯ ವಿವರ, ಕೊನೆಯ ಪ್ರಮಾಣವಚನ ತೆಗೆದುಹಾಕಿದೆ. ಊರಿನ ಪೂರ್ತಿ ವಿಳಾಸವೂ ಹೋಯಿತು. ಹುಬ್ಬಳ್ಳಿಯ ವಿಳಾಸ ಕಂಡರೆ ನೀವಿನ್ನೂ ಅಲ್ಲೇ ಇದ್ದೀರಿ ಎಂದುಕೊಳ್ಳುತ್ತಾರೆ. "ಚಿಂಚ್‌ವಡ್, ಪುಣೆ" ಸಾಕು. ನೋಟಿಸ್ ಅವಧಿ ಮಾತ್ರ ಮೇಲೆಯೇ ಇರಲಿ, 30 ದಿನವೋ 90 ದಿನವೋ, ಇದ್ದದ್ದನ್ನೇ ಬರೆಯಿರಿ.

ಭಾಷೆಗಳನ್ನು ಸುಮ್ಮನೆ ಸೇರಿಸಬೇಡಿ. ಮರಾಠಿ ಮಾತಾಡಲು ಬರುತ್ತದೆ, ಬರೆಯಲು ಬಾರದು ಎಂದಿದ್ದರೆ ಹಾಗೆಯೇ ಬರೆಯಿರಿ. ಶಾಪ್‌ಫ್ಲೋರ್‌ನಲ್ಲಿ ಮಾತೇ ಬೇಕಾದದ್ದು. ಕನ್ನಡವನ್ನಂತೂ ಬಿಡಲೇಬೇಡಿ. ಸಪ್ಲೈಯರ್ ಕ್ವಾಲಿಟಿ (ಪಾರ್ಟ್ ಪೂರೈಸುವವರ ಗುಣಮಟ್ಟ ನೋಡುವ) ಹುದ್ದೆಯಾಗಿದ್ದು, ಕಾಸ್ಟಿಂಗ್ (ಎರಕದ ಪಾರ್ಟ್) ಬರುವುದು ಬೆಳಗಾವಿಯ ಫೌಂಡ್ರಿಗಳಿಂದಾದರೆ, ಅಲ್ಲಿನ ಮೋಲ್ಡಿಂಗ್ ಕೆಲಸಗಾರನ ಜೊತೆ ನೇರವಾಗಿ ಮಾತಾಡಬಲ್ಲವರು ಕಂಪನಿಗೆ ಬೇಕು. ಅಂಥದೊಂದು ಜಾಹೀರಾತಿಗೆ ನಾನು ಕನ್ನಡವನ್ನು ಕೊನೆಯ ಸಾಲಿನಿಂದ ಎತ್ತಿ, ಮೇಲಿನ ಮೂರು ಸಾಲಿನ ಪರಿಚಯದಲ್ಲೇ ಇಟ್ಟೆ.